ಬೊಂಗ್ನಿಮ್ ಓದದ ಸಾಕ್ಷಿ

ಮೇಸ್ತ್ರಿ ಹೆಂಗಸು ಬಂದು ಬೊಂಗ್ನಿಮಳ ಭುಜ ತಟ್ಟಿದಳು. ನೂಲುವ ಕೋಣೆಯಲ್ಲಿ ಬಾಯಿಮಾತು ನಡೆಯುವುದಿಲ್ಲ. ಯಂತ್ರಗಳ ಸದ್ದು ಕಿವಿ ಮುಚ್ಚಿಬಿಟ್ಟಿರುತ್ತದೆ. ಮೇಸ್ತ್ರಿ ಎರಡು ಬೆರಳನ್ನು ಅಡ್ಡಡ್ಡ ಇಟ್ಟು ಶಿಲುಬೆ ಮಾಡಿ ತೋರಿಸಿದಳು. ಆಮೇಲೆ ಆಫೀಸಿನ ಕಡೆ ಕೈ ಮಾಡಿದಳು. ಪಾದ್ರಿಗಳು ಕರೆಯುತ್ತಿದ್ದಾರೆ.

ಬೊಂಗ್ನಿಮ್ ಕೈಯಲ್ಲಿದ್ದ ಎಳೆಯನ್ನು ಕಟ್ಟಿ ಮುಗಿಸಿದಳು. ಬೆಳಗ್ಗೆ ಆರಕ್ಕೆ ನಿಂತವಳು. ಈಗ ಹನ್ನೊಂದು. ಒಂದು ಸಲವೂ ಉಚ್ಚೆಗೆ ಹೋಗಿರಲಿಲ್ಲ. ಹೋದರೆ ಎಳೆ ಕಡಿಯುತ್ತದೆ. ಎಳೆ ಕಡಿದರೆ ಮೇಸ್ತ್ರಿ ಕೆನ್ನೆಗೆ ಬಾರಿಸುತ್ತಾಳೆ. ಅದಕ್ಕೇ ಹುಡುಗಿಯರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಒಲೆಯಂಥ ಸೆಕೆಯಲ್ಲಿ, ಹತ್ತಿಯ ಧೂಳಿನಲ್ಲಿ, ಯಂತ್ರದ ಆ ತುದಿಯಿಂದ ಈ ತುದಿಗೆ ಓಡುತ್ತ, ಕಡಿದ ಎಳೆ ಕಟ್ಟುತ್ತ, ದಿನಕ್ಕೆ ಹನ್ನೆರಡು ಗಂಟೆ. ಕಾಲ್ಬೆರಳ ಸಂದಿ ಕೊಳೆತು ಬಿಳಿಚಿಕೊಂಡಿರುತ್ತಿತ್ತು. ಕೆಮ್ಮಿದರೆ ಕಫದಲ್ಲಿ ಹತ್ತಿ ಬರುತ್ತಿತ್ತು.

ದಕ್ಷಿಣ ಕೊರಿಯಾದ ಇಂಚೋನ್ ಬಂದರಿನ ಹತ್ತಿರದ ಗಿರಣಿ ಅದು. ಯಜಮಾನ ಟಾಕ್, ಗುಡ್ಡದ ಮೇಲಿನ ದೊಡ್ಡ ಚರ್ಚಿನ ಸಭಾಹಿರಿಯ. ಎಲ್ಲರೂ ಅವನನ್ನು ಟಾಕ್ ಹಿರಿಯರು ಅಂತಲೇ ಕರೆಯುವುದು. ಗಿರಣಿಯೊಳಗೇ ಒಂದು ಪ್ರಾರ್ಥನಾ ಮಂದಿರ ಕಟ್ಟಿಸಿದ್ದ. ಬುಧವಾರ ಪಾಳಿ ಶುರುವಾಗುವ ಮೊದಲು ಒಂದು ಗಂಟೆ ಆರಾಧನೆ. ಬಾರದವಳಿಗೆ ಅವತ್ತಿನ ಹಾಜರಿ ಇಲ್ಲ. ದೊಡ್ಡ ಚರ್ಚಿನ ಪಾದ್ರಿ ಮಿನ್ ಬಂದು ಪ್ರಸಂಗ ಮಾಡುತ್ತಿದ್ದರು. ದೇಶಕ್ಕೆ ಅಧ್ಯಕ್ಷರನ್ನು ಕೊಟ್ಟವನು ದೇವರು, ಗಿರಣಿಗೆ ಹಿರಿಯರನ್ನು ಕೊಟ್ಟವನೂ ಅವನೇ, ಯಜಮಾನನಿಗೆ ಎದುರಾಡುವ ಬಾಯಿ ದೇವರಿಗೇ ಎದುರಾಡುತ್ತದೆ. ಹುಡುಗಿಯರು ಕಣ್ಣು ಮುಚ್ಚಿ ಕೂತಲ್ಲೇ ನಿದ್ದೆ ಹೊಡೆಯುತ್ತಿದ್ದರು. ಅಷ್ಟು ಭಕ್ತಿ ನೋಡಿ ಪಾದ್ರಿಗೆ ಸಂತೋಷವಾಗುತ್ತಿತ್ತು.

ಬೊಂಗ್ನಿಮ್ ನಿದ್ದೆ ಹೊಡೆದವಳಲ್ಲ. ಅವಳಿಗೆ ನಂಬಿಕೆ ಇತ್ತು. ಹದಿನಾರಕ್ಕೆ ಹಳ್ಳಿಯಿಂದ ಬಂದವಳು, ಈಗ ಇಪ್ಪತ್ತಮೂರು. ಗಿರಣಿಯಲ್ಲಿ ಅವಳು ಇನ್ನೂರ ಹನ್ನೆರಡನೇ ನಂಬರು. ಪಾದ್ರಿ ಮಿನ್ ನೆತ್ತಿಯ ಮೇಲೆ ನೀರು ಹಾಕಿ ದೀಕ್ಷಾಸ್ನಾನ ಕೊಟ್ಟ ದಿನ, 'ಪ್ಯೊ ಬೊಂಗ್ನಿಮ್' ಅಂತ ಸಾವಿರ ಜನರ ಮುಂದೆ ಪೂರ್ತಿ ಹೆಸರು ಹಿಡಿದು ಕರೆದಿದ್ದರು. ಅವಳು ಅತ್ತುಬಿಟ್ಟಿದ್ದಳು. ಅಂದಿನಿಂದ ದೊಡ್ಡ ಚರ್ಚಿನ ಗಾಯನ ತಂಡದಲ್ಲಿ ಹಾಡುತ್ತಿದ್ದಳು. ಗಿರಣಿಯ ಹುಡುಗಿಯರು ಹನ್ನೆರಡು ಜನ ಅದರಲ್ಲಿದ್ದರು.

ಗೇಟಿನ ವಿಷಯ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಪಾಳಿ ಮುಗಿದ ಮೇಲೆ ಹುಡುಗಿಯರು ಗೇಟಿನಲ್ಲಿ ಸಾಲು ನಿಲ್ಲಬೇಕು. ನೂಲಿನ ಉಂಡೆ ಕದ್ದಿದ್ದಾರೋ ಅಂತ ತಪಾಸಣೆ. ಕಾವಲುಗಾರರೆಲ್ಲ ಗಂಡಸರು. ಅವರ ಮುಖ್ಯಸ್ಥ ಗಿಲ್. ಕಂಕುಳಿಗೆ ಕೈ. ಎದೆಗೆ ಕೈ. ತೊಡೆಸಂದಿಗೆ ಕೈ. "ಇದೇನೇ ಇಷ್ಟು ಮೆತ್ತಗಿದೆ? ಉಂಡೆ ಇಟ್ಕೊಂಡಿದೀಯಾ?" ಅನ್ನುತ್ತಿದ್ದ. ಉಳಿದವರು ನಗುತ್ತಿದ್ದರು. ಒಂದು ದಿನ ಒಬ್ಬಳ ಮುಟ್ಟಿನ ಬಟ್ಟೆಯನ್ನೂ ತೆಗೆಸಿ ನೋಡಿದ. ಭಾನುವಾರ ಅದೇ ಗಿಲ್ ಚರ್ಚಿನ ಬಾಗಿಲಲ್ಲಿ ಬಿಳಿ ಕೈಗವಸು ಹಾಕಿಕೊಂಡು ಹಾಡಿನ ಹಾಳೆ ಹಂಚುತ್ತಿದ್ದ. ಅಲ್ಲಿ ಅವನು ಸಭಾಸೇವಕ, ಡೀಕನ್ ಗಿಲ್.

ಒಂದು ಸಂಜೆ ಮಾಲ್ಸುಕ್ ಅವನ ಮಣಿಕಟ್ಟು ಹಿಡಿದಳು. ಮಾಲ್ಸುಕ್ ಬೊಂಗ್ನಿಮಳ ಪಕ್ಕದ ಯಂತ್ರದವಳು, ಅವಳಿಗಿಂತ ಎರಡು ವರ್ಷ ದೊಡ್ಡವಳು.

"ತಗೀರಿ ಕೈ."

"ಏನಂದೆ?"

"ಕೈ ತಗೀರಿ ಅಂದೆ. ನಿಮ್ಮ ಹೆಂಡ್ತಿ ಚರ್ಚಲ್ಲಿ ನನ್ನ ಪಕ್ಕದಲ್ಲೇ ಕೂರ್ತಾರೆ. ಹೇಳ್ಲಾ?"

ಗಿಲ್ ಹೊಡೆದ ಏಟಿಗೆ ಅವಳ ತುಟಿ ಸೀಳಿತು.

ಗಿರಣಿಯ ಹಿಂದಿನ ತಗಡಿನ ಮನೆಗಳ ಓಣಿಯಲ್ಲಿ ಬೋಧಕಿ ಹಾಮ್ ಇದ್ದಳು. ಯಾವುದೋ ಬಡ ಚರ್ಚು ಕಳಿಸಿದ ಹೆಂಗಸು. ಒಂದೇ ಕೋಣೆ, ಒಂದು ಕರಿಹಲಗೆ, ಗೋಡೆಗೆ ಕಟ್ಟಿಗೆಯ ಶಿಲುಬೆ. ಗಿರಣಿಯ ಹುಡುಗಿಯರಿಗೆ ಓದು ಬರಹ ಹೇಳಿಕೊಡುತ್ತಿದ್ದಳು, ಕಾರ್ಮಿಕ ಕಾನೂನಿನ ಪುಸ್ತಕ ಬಿಡಿಸಿ ಅರ್ಥ ಹೇಳುತ್ತಿದ್ದಳು. ಹುಡುಗಿಯರಿಗೆ ಅವಳು ಹಾಮ್ ಅಕ್ಕ. ಆ ಕೋಣೆಯಲ್ಲಿ ಕೂತು ಅರ್ಜಿ ಬರೆದರು. ಗೇಟಿನಲ್ಲಿ ಹೆಂಗಸರೇ ತಪಾಸಣೆ ಮಾಡಬೇಕು. ಪಾಳಿಯಲ್ಲಿ ಎರಡು ಸಲ ಪಾಯಿಖಾನೆಗೆ ಬಿಡಬೇಕು. ಭಾನುವಾರ ಆರಾಧನೆಯ ಹೊತ್ತಿಗೆ ಮಾತ್ರವಲ್ಲ, ಇಡೀ ದಿನ ರಜೆ ಬೇಕು. ನಲವತ್ತಮೂರು ಹೆಬ್ಬೆಟ್ಟು ಬಿದ್ದವು. ಬೊಂಗ್ನಿಮಳದು ನಲವತ್ತಮೂರನೆಯದು. ಕೆಂಪು ಮಸಿ ಹತ್ತಿದ ಬೆರಳನ್ನು ಹಿಡಿದುಕೊಂಡು ಅವಳು ಬಹಳ ಹೊತ್ತು ಮೂಲೆಯಲ್ಲೇ ನಿಂತಿದ್ದಳು. ಮಾಲ್ಸುಕ್ ಬಂದು ಬೆರಳನ್ನು ಹಿಡಿದು ಹಾಳೆಗೆ ಒತ್ತಲಿಲ್ಲ, ಬೇಗ ಅನ್ನಲೂ ಇಲ್ಲ. ಕೊನೆಗೆ ಬೊಂಗ್ನಿಮ್ ತಾನೇ ಒತ್ತಿದಳು.

ಅರ್ಜಿ ಕಾರ್ಮಿಕ ಇಲಾಖೆಗೆ ಹೋಯಿತು. ಅದೇ ವಾರ ಅಲ್ಲಿಂದ ನೆಟ್ಟಗೆ ಟಾಕ್ ಹಿರಿಯರ ಮೇಜಿಗೆ ಬಂತು. ಮಾರನೆಯ ವಾರ ಹಾಮ್ ಅಕ್ಕನನ್ನೂ ಮಾಲ್ಸುಕಳನ್ನೂ ಪೊಲೀಸರು ಎತ್ತಿಕೊಂಡು ಹೋದರು. ಶಿಲುಬೆಯ ಹಿಂದೆ ಅಡಗಿ ಕೂತ ಕೆಂಪಿನವರನ್ನು, ಉತ್ತರದ ಕಮ್ಯುನಿಸ್ಟರ ಕಡೆಯವರನ್ನು ಹಿಡಿದಿದ್ದೇವೆ ಅಂತ ರೇಡಿಯೊದಲ್ಲಿ ಬಂತು. ಉಳಿದ ನಲವತ್ತೆರಡು ಜನ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಟ್ಟರು.

ಈಗ ಪಾದ್ರಿಗಳು ಕರೆದಿದ್ದರು.

ಆಫೀಸಿನಲ್ಲಿ ಪಾದ್ರಿ ಮಿನ್ ಕಿತ್ತಳೆ ಸುಲಿಯುತ್ತ ಕೂತಿದ್ದರು. ಪಕ್ಕದಲ್ಲಿ ಕಂದು ಜಾಕೆಟ್ಟಿನ ಒಬ್ಬ ಗಂಡಸು. ಗೋಡೆಯ ಮೇಲೆ ಅಧ್ಯಕ್ಷರ ಪಟವಿತ್ತು. ಅದಕ್ಕಿಂತ ಸ್ವಲ್ಪ ಕೆಳಗೆ ಯೇಸುವಿನ ಪಟ.

"ಬಾ ಮಗಳೇ, ಕೂತ್ಕೋ. ಎಷ್ಟು ಬೆವರಿದೀಯ! ತಗೋ, ಜೆಜು ದ್ವೀಪದ ಕಿತ್ತಳೆ."

ಅವಳು ಕುರ್ಚಿಯ ಅಂಚಿಗೆ ಕೂತಳು. ತೊಡೆಗಳನ್ನು ಬಿಗಿಯಾಗಿ ಒತ್ತಿಕೊಂಡಳು. ಪಾಯಿಖಾನೆಗೆ ಹೋಗಿಬರುತ್ತೇನೆ ಅನ್ನಬೇಕು ಅನ್ನಿಸಿತು. ಬಾಯಿ ಬರಲಿಲ್ಲ.

"ಶನಿವಾರ ಬೆಳಿಗ್ಗೆ ನಮ್ಮ ಚರ್ಚಲ್ಲಿ ದೇಶಕ್ಕಾಗಿ ಪ್ರಾರ್ಥನೆ ಇದೆ, ಗೊತ್ತಲ್ಲ? ಸಿಯೋಲ್‌ನಿಂದ ಮಂತ್ರಿಗಳು ಬರ್ತಾರೆ. ಸೈನ್ಯದ ದೊಡ್ಡೋರು ಬರ್ತಾರೆ. ಅಲ್ಲಿ ನೀನು ಸಾಕ್ಷಿ ಹೇಳ್ಬೇಕು."

"ನಾನಾ, ಅಯ್ಯನವರೇ?"

"ನೀನೇ. ನಿನ್ನ ನಾಲಗೆ ಶುದ್ಧ, ಧ್ವನಿ ಮೃದು. ಎಲ್ಲಾ ಬರೆದಿಟ್ಟಿದೀವಿ. ಓದಿದ್ರೆ ಆಯ್ತು."

ಕಂದು ಜಾಕೆಟ್ಟಿನವನು ಹಾಳೆ ಮುಂದಕ್ಕೆ ತಳ್ಳಿದ. ಬೊಂಗ್ನಿಮ್ ಅಕ್ಷರ ಅಕ್ಷರವಾಗಿ ಓದಿದಳು. ತಾನು ದಾರಿ ತಪ್ಪಿದ ಕುರಿ. ಬೋಧಕಿ ಹಾಮ್ ತನಗೆ ಉತ್ತರದವರ ಹಾಡು ಕಲಿಸಿದಳು. ಯಜಮಾನರನ್ನು ಕೊಲ್ಲಬೇಕು ಎಂದಳು. ಮಾಲ್ಸುಕ್ ಹುಡುಗಿಯರನ್ನು ಹೆದರಿಸಿ ಹೆಬ್ಬೆಟ್ಟು ಒತ್ತಿಸಿದಳು. ಗಿರಣಿಯಲ್ಲಿ ಯಾವ ಕೊರತೆಯೂ ಇಲ್ಲ. ಹಿರಿಯರು ನಮಗೆ ತಂದೆಯಂತೆ.

"ಅಯ್ಯನವರೇ, ಹಾಮ್ ಅಕ್ಕ ಹಾಡು ಕಲಿಸ್ಲಿಲ್ಲ. ಅವರಿಗೆ ಹಾಡೋಕೇ ಬರಲ್ಲ. ಕತ್ತೆ ಕಿರುಚಿದ ಹಾಗೆ ಹಾಡ್ತಾರೆ."

ಕಂದು ಜಾಕೆಟ್ಟಿನವನು ನಕ್ಕ. "ಸರಿ, ಕತ್ತೆ ಹಾಗೆ ಕಲಿಸಿದ್ಲು ಅಂತ ಸೇರ್ಸೋಣ್ವಾ?" ಅಂದ. ನಗು ಹಾಗೇ ಮುಖದ ಮೇಲಿರುವಾಗಲೇ ಒಂದು ಫೈಲು ಬಿಚ್ಚಿದ. "ನಿಮ್ಮ ದೊಡ್ಡಪ್ಪ, ಪ್ಯೊ ಗಿಸೊಪ್. ಯುದ್ಧದ ವರ್ಷ ಎಲ್ಲಿಗೆ ಹೋದ?"

ಬೊಂಗ್ನಿಮಳ ಕೈಯಲ್ಲಿದ್ದ ಕಿತ್ತಳೆ ಜಾರಿ ನೆಲಕ್ಕೆ ಬಿತ್ತು. ಆ ಹೆಸರನ್ನು ಅವರ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಒಂದು ಸಲ ಚಿಕ್ಕವಳಿದ್ದಾಗ ಕೇಳಿದ್ದಕ್ಕೆ ಅವ್ವ ಓಡಿಹೋಗಿ ಬಾಗಿಲ ಅಗಳಿ ಹಾಕಿ ಬಂದು ಅವಳ ಬಾಯಿ ಒತ್ತಿ ಹಿಡಿದಿದ್ದಳು.

"ಗೊತ್ತಿಲ್ಲ ಸಾರ್. ಆವಾಗ ನಾನು ಹುಟ್ಟಿರ್ಲಿಲ್ಲ."

"ನಿಮ್ಮಣ್ಣನಿಗೆ ಗೊತ್ತಿರ್ಬೋದು. ಊರಲ್ಲಿ ಅಂಚೆ ಹಂಚ್ತಾನಲ್ಲ? ಸರ್ಕಾರದ ಕೆಲಸ. ಉತ್ತರಕ್ಕೆ ಓಡಿಹೋದವನ ಮನೆಯವನಿಗೆ ಸರ್ಕಾರದ ಕೆಲಸ ಯಾರು ಕೊಟ್ರೋ ಕೇಳೋಣ್ವಾ?"

"ಬೇಡಿ ಸಾರ್."

ಪಾದ್ರಿ ಮಿನ್ ಕೈ ಎತ್ತಿ ಅವನನ್ನು ತಡೆದರು. ಕುರ್ಚಿ ಎಳೆದುಕೊಂಡು ಅವಳ ಹತ್ತಿರ ಬಂದು ಕೂತರು.

"ಮಗಳೇ, ನಮ್ಮಪ್ಪನೂ ಪಾದ್ರಿ. ಪ್ಯೊಂಗ್ಯಾಂಗಲ್ಲಿ. ಕೆಂಪಿನವರು ಆರಾಧನೆ ನಡೀತಿದ್ದಾಗಲೇ ಒಳಗೆ ಬಂದು ಎಳ್ಕೊಂಡು ಹೋದ್ರು. ಒಂದು ಶೂ ಬಾಗಿಲಲ್ಲೇ ಉಳೀತು. ಆ ಶೂ ಎತ್ಕೊಳ್ಳೋಕೂ ನನಗೆ ಧೈರ್ಯ ಬರ್ಲಿಲ್ಲ. ಹಾಗೇ ಬಿಟ್ಟು ದಕ್ಷಿಣಕ್ಕೆ ನಡ್ಕೊಂಡು ಬಂದೆ. ಅದನ್ನ ನೀನು ನೋಡಿಲ್ಲ. ಈ ಸರ್ಕಾರ ಒಂದು ಇಲ್ದಿದ್ರೆ ಅವರು ನಾಳೇನೇ ಇಲ್ಲಿರ್ತಾರೆ. ನಮ್ಮ ಚರ್ಚುಗಳೆಲ್ಲ ಸೇರಿ ಸರ್ಕಾರಕ್ಕೊಂದು ಪತ್ರ ಕೊಡ್ತಿದೀವಿ, ಹಾಮ್ ನಡೆಸೋವಂಥ ಕೋಣೆಗಳನ್ನ ಮುಚ್ಚಿಸಿ ಅಂತ. ನಿನ್ನ ಸಾಕ್ಷಿ ಅದರ ಜೊತೆ ಹೋಗುತ್ತೆ. ಚರ್ಚು ಹೇಳಿದ್ರೆ ಸರ್ಕಾರ ಕೇಳುತ್ತೆ."

"ಸರ್ಕಾರ ಹೇಳಿದ್ರೆ ಚರ್ಚೂ ಕೇಳುತ್ತೆ," ಅಂದ ಕಂದು ಜಾಕೆಟ್ಟಿನವನು.

ಪಾದ್ರಿ ಮಿನ್ ನಗಲಿಲ್ಲ. ಕೈಯಲ್ಲಿದ್ದ ಕಿತ್ತಳೆಯನ್ನು ಹಿಚುಕಿಬಿಟ್ಟಿದ್ದರು. ಕಿತ್ತಳೆಯ ರಸ ಮಣಿಕಟ್ಟಿಗೆ ಇಳಿದಿತ್ತು. ಬೊಂಗ್ನಿಮಳಿಗೆ ಅಯ್ಯೋ ಅನ್ನಿಸಿತು. ಅಯ್ಯೋ ಅನ್ನಿಸಿದ್ದಕ್ಕೇ ಇನ್ನಷ್ಟು ಹೆದರಿಕೆಯಾಯಿತು. ಇವರು ಸುಳ್ಳು ಹೇಳುತ್ತಿಲ್ಲ. ಆ ಶೂ ಇವರ ಕಣ್ಣ ಮುಂದೆ ಈಗಲೂ ಬಿದ್ದಿದೆ. ಅದಕ್ಕೆ ಇವರು ಏನನ್ನು ಬೇಕಾದರೂ ಕೊಡುತ್ತಾರೆ. ಹಾಮ್ ಅಕ್ಕನನ್ನೂ ಕೊಡುತ್ತಾರೆ. ನನ್ನನ್ನೂ.

ಅವತ್ತು ಮಧ್ಯಾಹ್ನವೇ ಕಂದು ಜಾಕೆಟ್ಟಿನವನು ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಠಾಣೆಗೆ ಕರೆದೊಯ್ದ. "ನಿನ್ನ ಗೆಳತಿನ ನೋಡ್ಬೇಡ್ವಾ?" ಅಂದ.

ಮಾಲ್ಸುಕ್ ಒಂದು ಸ್ಟೂಲಿನ ಮೇಲೆ ಕೂತಿದ್ದಳು. ಮುಖ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. ಬಲಗೈಯ ಬೆರಳುಗಳು ಅರ್ಧ ಮಡಚಿದಂತೆ ನಿಂತುಬಿಟ್ಟಿದ್ದವು. ಆ ಬೆರಳುಗಳು ಕಡಿದ ಎಳೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಕಟ್ಟುತ್ತಿದ್ದವು. ಕೋಣೆಯಲ್ಲಿ ಉಚ್ಚೆಯ ವಾಸನೆ ಇತ್ತು.

"ಊಟ ಆಯ್ತೇನೇ?" ಅಂದಳು ಮಾಲ್ಸುಕ್. ಎಲ್ಲಿ ಸಿಕ್ಕರೂ ಕೇಳುವ ಹಾಗೆ.

"ಆಯ್ತು ಅಕ್ಕ," ಅಂದಳು ಬೊಂಗ್ನಿಮ್. ಆಗಿರಲಿಲ್ಲ.

"ಹಾಳೆ ಕೊಟ್ರಾ?"

"ಹೂಂ."

ಮಾಲ್ಸುಕ್ ನೆಲ ನೋಡಿದಳು. ಅವಳು ಉಗಿಯುತ್ತಾಳೆ, ಬೈಯುತ್ತಾಳೆ, ಓದಿದರೆ ನಿನ್ನ ಮುಖ ನೋಡಲ್ಲ ಅನ್ನುತ್ತಾಳೆ ಅಂತ ಬೊಂಗ್ನಿಮ್ ಕಾದಳು. ಹಾಗೆ ಅಂದಿದ್ದರೆ ಚೆನ್ನಾಗಿರುತ್ತಿತ್ತು.

"ಓದ್ಬಿಡು ಕಣೆ," ಅಂದಳು ಮಾಲ್ಸುಕ್. "ನನ್ನ ಹೆಸರು ಹೇಳು, ಪರವಾಗಿಲ್ಲ. ಇಲ್ಲಿಗೆ ಮಾತ್ರ ಬರ್ಬೇಡ. ನಿನ್ನ ಕೈಲಿ ಆಗಲ್ಲ. ನನ್ನ ಕೈಲೇ ಆಗ್ಲಿಲ್ಲ."

ಗಿಲ್‌ನ ಮಣಿಕಟ್ಟು ಹಿಡಿದ ಹೆಂಗಸು ಅವಳು. ವಾಪಸು ಬರುವಾಗ ಕಾರಿನಲ್ಲಿ ಬೊಂಗ್ನಿಮಳ ಹಲ್ಲು ಕಟಕಟ ಅನ್ನುತ್ತಿತ್ತು. ಕಂದು ಜಾಕೆಟ್ಟಿನವನು ಕಿಟಕಿ ಏರಿಸಿದ. "ಚಳಿನಾ?" ಅಂದ.

ಮೂರು ದಿನ ಅವಳು ಹಾಳೆಯನ್ನು ಬಾಯಿಪಾಠ ಮಾಡಿದಳು. ಯಂತ್ರದ ಮುಂದೆ ಓಡುವಾಗ, ಬಾರ್ಲಿ ಅನ್ನ ನುಂಗುವಾಗ ಅದೇ ಸಾಲುಗಳು. ಓದಬೇಕು ಅಂತಲೇ ನಿರ್ಧರಿಸಿದ್ದಳು. ಅದರಲ್ಲಿ ಸಂಶಯ ಬೇಡ. ಯಾರೂ ಅವಳಿಂದ ಬೇರೆ ಏನನ್ನೂ ನಿರೀಕ್ಷಿಸಿರಲಿಲ್ಲ. ಎಳೆ ಕಡಿದರೆ ಎಳೆಗೇ ಕ್ಷಮೆ ಕೇಳುವವಳು ಅಂತ ಹುಡುಗಿಯರು ಅವಳನ್ನು ಆಡಿಕೊಳ್ಳುತ್ತಿದ್ದರು.

ಶುಕ್ರವಾರ ಪಾಳಿ ಮುಗಿಸಿ ಬಂದು ಹಾಸ್ಟೆಲಿನ ಬಟ್ಟೆ ಒಗೆಯುವ ಜಾಗದಲ್ಲಿ ಗಾಯನ ತಂಡದ ಬಿಳಿ ಅಂಗಿಗಳನ್ನು ಒಗೆಯುತ್ತಿದ್ದಳು. ಸುನ್ದೊಕ್ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಹತ್ತೊಂಬತ್ತರ ಹುಡುಗಿ. ಅರ್ಜಿಗೆ ಹೆಬ್ಬೆಟ್ಟು ಒತ್ತಿದವಳು. ಮುಟ್ಟಿನ ಬಟ್ಟೆ ತೆಗೆಸಿದ್ದು ಇವಳದೇ.

"ಅಕ್ಕ, ನಾಳೆ ಓದ್ತೀಯಂತೆ."

"ಹೂಂ."

"ನೀನು ಓದಿದ್ರೆ ಉಳಿದೋರನ್ನ ಬಿಟ್ಬಿಡ್ತಾರಂತೆ. ಮೇಸ್ತ್ರಿ ಅಂದ್ರು."

"ಹೂಂ."

"ಓದು ಅಕ್ಕ. ನಂಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಯಾವಾಗ ಬಂದು ಎಳ್ಕೊಂಡು ಹೋಗ್ತಾರೋ ಅಂತ. ಓದಿ ಮುಗಿಸ್ಬಿಡು." ಸುನ್ದೊಕ್ ಒದ್ದೆ ಅಂಗಿಯ ಒಂದು ತುದಿ ಹಿಡಿದುಕೊಂಡು ಹಿಂಡಲು ಕೈ ಕೊಟ್ಟಳು. ಹಿಂಡುತ್ತಲೇ ಕೇಳಿದಳು: "ಗಿರಣೀಲಿ ಯಾವ ಕೊರತೆನೂ ಇಲ್ಲ ಅಂತ ಇದೆಯಂತೆ, ಹೌದಾ?"

"ಇದೆ."

"ಗೇಟಿನ ವಿಷಯ?"

"ಇಲ್ಲ. ಗೇಟಿನ ವಿಷಯ ಏನೂ ಇಲ್ಲ."

"ಒಳ್ಳೇದೇ ಆಯ್ತು," ಅಂದಳು ಸುನ್ದೊಕ್. "ಅಷ್ಟು ಜನರ ಮುಂದೆ ಅದನ್ನ ಹೇಳೋದು ನಾಚಿಕೆ." ಅಂದವಳೇ ಮುಖ ಆಚೆ ತಿರುಗಿಸಿದಳು. ಅವಳ ಬೆನ್ನು ಕುಲುಕುವುದು ಬೊಂಗ್ನಿಮಳಿಗೆ ಕಾಣಿಸಿತು.

ಶನಿವಾರ ಬೆಳಗ್ಗೆ ಗುಡ್ಡದ ರಸ್ತೆಯ ಉದ್ದಕ್ಕೂ ಕರಿ ಕಾರುಗಳು. ಟಾಕ್ ಹಿರಿಯರ ಹೆಂಡತಿ ತನ್ನ ಸೊಸೆಯ ಬಿಳಿ ರೇಷ್ಮೆಯ ಹಬ್ಬದುಡುಪು, ಹನ್‌ಬೊಕ್ ತಂದು ಬೊಂಗ್ನಿಮಳಿಗೆ ತೊಡಿಸಿದಳು. ಎದೆಯ ಮೇಲಿನ ಪಟ್ಟಿ ಕಟ್ಟುತ್ತ, "ಕೈ ಮುಚ್ಚಿಟ್ಕೋಮ್ಮ, ಚರ್ಮ ಒರಟಾಗಿದೆ" ಅಂದಳು. ಚರ್ಚಿನ ಹಿಂದಿನ ಅಡುಗೆಮನೆಯಿಂದ ದನದ ಮಾಂಸದ ಸಾರಿನ ವಾಸನೆ ಬರುತ್ತಿತ್ತು. ಪ್ರಾರ್ಥನೆ ಮುಗಿದ ಮೇಲೆ ದೊಡ್ಡವರಿಗೆ ಉಪಾಹಾರ.

ಬಾಗಿಲಲ್ಲಿ ಡೀಕನ್ ಗಿಲ್ ಬಿಳಿ ಕೈಗವಸು ಹಾಕಿಕೊಂಡು ನಿಂತಿದ್ದ. ಬಗ್ಗಿ ಮಂತ್ರಿಗೆ ಹಾಡಿನ ಹಾಳೆ ಕೊಟ್ಟ. ಸೈನ್ಯದ ಅಧಿಕಾರಿಗೆ ಕೊಟ್ಟ. ಬೊಂಗ್ನಿಮ್ ಹಾದುಹೋಗುವಾಗ ಅವಳಿಗೂ ಒಂದು ಕೊಟ್ಟ. "ಚೆನ್ನಾಗಿ ಓದು ತಂಗಿ," ಅಂದ.

ತಂಗಿ.

ಮೊದಲ ಸಾಲಿನಲ್ಲಿ ಮಂತ್ರಿ, ಪಕ್ಕದಲ್ಲಿ ಟಾಕ್ ಹಿರಿಯರು. ಎರಡನೇ ಸಾಲಿನ ಕೊನೆಯಲ್ಲಿ ಕಂದು ಜಾಕೆಟ್ಟಿನವನು, ಇವತ್ತು ಕರಿ ಕೋಟಿನಲ್ಲಿ. ಪಾದ್ರಿ ಮಿನ್ ದೇಶಕ್ಕಾಗಿ ಪ್ರಾರ್ಥಿಸಿದರು, ಅಧ್ಯಕ್ಷರ ಆಯುಸ್ಸಿಗಾಗಿ ಪ್ರಾರ್ಥಿಸಿದರು. ಮಂತ್ರಿ ಎದ್ದು, ಸರ್ಕಾರದ ಬಲಗೈ ಸೈನ್ಯವಾದರೆ ಎಡಗೈ ಚರ್ಚು ಅಂದ. ಸಾವಿರ ಬಾಯಿ ಆಮೆನ್ ಅಂದವು. ಆಮೇಲೆ ಪಾದ್ರಿ ಅವಳ ಹೆಸರು ಕರೆದರು, ದೀಕ್ಷಾಸ್ನಾನದ ದಿನ ಕರೆದ ಹಾಗೆಯೇ. "ಪ್ಯೊ ಬೊಂಗ್ನಿಮ್."

ಮೂರು ಮೆಟ್ಟಿಲು. ಹತ್ತಿದಳು. ಹಾಳೆಯನ್ನು ಪೀಠದ ಮೇಲೆ ಇಟ್ಟಳು. ಮೈಕಿನಲ್ಲಿ ಅವಳ ಉಸಿರು ಇಡೀ ಚರ್ಚಿಗೆ ಕೇಳಿಸಿತು.

"ನಾನು ಪ್ಯೊ ಬೊಂಗ್ನಿಮ್. ಗಿರಣಿಯ ಕೆಲಸದವಳು. ಹಿರಿಯರ ಗಿರಣಿಯಲ್ಲಿ ನಮಗೆ ಯಾವ..."

ಮುಂದಿನ ಪದ ಕೊರತೆ. ಅವಳಿಗೆ ಗೊತ್ತಿತ್ತು. ಮೂರು ದಿನ ಬಾಯಿಪಾಠ ಮಾಡಿದ್ದಳು. ಕಣ್ಣೆತ್ತಿದಳು. ನೇರ ಎದುರಿಗೆ, ಬಾಗಿಲ ಹತ್ತಿರ, ಎರಡು ಬಿಳಿ ಕೈಗವಸು ಕಂಡವು. ಒಂದರ ಮೇಲೊಂದು ಭಕ್ತಿಯಿಂದ ಮಡಚಿಕೊಂಡಿದ್ದವು.

ಪದ ಬರಲಿಲ್ಲ. ಧೈರ್ಯ ಬಂತು ಅಂತಲ್ಲ. ಹೆದರಿಕೆ ಹಾಗೇ ಇತ್ತು, ಗಂಟಲವರೆಗೂ ತುಂಬಿಕೊಂಡಿತ್ತು. ಆ ಪದಕ್ಕೆ ಹೊರಗೆ ಬರಲು ಜಾಗವಿರಲಿಲ್ಲ, ಅಷ್ಟೆ.

ಪಾದ್ರಿ ಮಿನ್ ಮೆಲ್ಲಗೆ, "ಓದು ಮಗಳೇ" ಅಂದರು.

"ಅಯ್ಯನವರೇ, ಇದು ನಾನು ಬರೆದಿದ್ದಲ್ಲ," ಅಂದಳು ಬೊಂಗ್ನಿಮ್. ಮೈಕಿನಲ್ಲಿ ಅದು ದೊಡ್ಡದಾಗಿ ಕೇಳಿಸಿತು. ಅವಳೇ ಬೆಚ್ಚಿಬಿದ್ದಳು. ಬೆಚ್ಚಿದ ರಭಸಕ್ಕೆ ಉಳಿದದ್ದೂ ಹೊರಗೆ ಬಂತು. "ಸಾಕ್ಷಿ ಅಂದ್ರೆ ಕಂಡಿದ್ದು ಹೇಳ್ಬೇಕಲ್ವಾ? ನಾನು ಕಂಡಿದ್ದು ಹೇಳ್ತೀನಿ. ಬಾಗಿಲಲ್ಲಿ ನಿಂತಿದಾರಲ್ಲ, ಡೀಕನ್ ಗಿಲ್. ದಿನಾ ಸಂಜೆ ಗಿರಣಿ ಗೇಟಲ್ಲಿ ಆ ಕೈ ನಮ್ಮ ಎದೆ ಮೇಲಿರುತ್ತೆ. ನಮ್ಮ ತೊಡೆ ಸಂದೀಲಿ ಇರುತ್ತೆ. ಒಬ್ಬಳ ಮುಟ್ಟಿನ ಬಟ್ಟೆ ತೆಗೆಸಿ ನೋಡಿದ್ರು. ಅದನ್ನ ಹೆಂಗಸರು ಮಾಡ್ಲಿ ಅಂತ ಅರ್ಜಿ ಕೊಟ್ವಿ. ಅಷ್ಟೇ ಕೊಟ್ಟಿದ್ದು. ಹಾಮ್ ಅಕ್ಕ ಹಾಡು ಕಲಿಸ್ಲಿಲ್ಲ. ಮಾಲ್ಸುಕ್ ಅಕ್ಕ ನನ್ನನ್ನ ಹೆದರಿಸ್ಲಿಲ್ಲ, ನನ್ನ ಬೆರಳು ನಾನೇ ಒತ್ತಿದ್ದು. ಆ ಅಕ್ಕನ ಕೈ ಮುರಿದಿದಾರೆ. ನಾನು ನೋಡ್ದೆ. ಮಂಗಳವಾರ..."

ಮೈಕು ಸತ್ತಿತು.

ಅವಳು ನಿಲ್ಲಿಸಲಿಲ್ಲ. ನೂಲುವ ಕೋಣೆಯಲ್ಲಿ ಏಳು ವರ್ಷ ಇದ್ದವಳ ಗಂಟಲಿಗೆ ಮೈಕು ಬೇಕಾಗಿರಲಿಲ್ಲ. ಚರ್ಚಿನಲ್ಲಿ ಇಷ್ಟು ದಿನ ಮೃದು ಮಾಡಿಟ್ಟುಕೊಂಡಿದ್ದ ಆ ಧ್ವನಿ ಈಗ ಪೂರ್ತಿ ಬಿಚ್ಚಿಕೊಂಡಿತು. "ಮಂಗಳವಾರ ಠಾಣೇಲಿ ನೋಡ್ದೆ!" ಅಂತ ಕೂಗಿದಳು. "ಹತ್ತು ಜನರ ಕೆಲಸ ಮಾಡೋ ಕೈ ಅದು!"

ಟಾಕ್ ಹಿರಿಯರು ಎದ್ದು ನಿಂತು ಕೈ ಬೀಸಿದರು. ಆರ್ಗನ್ ಮೊರೆಯಿತು. ಕೀರ್ತನೆ ಶುರುವಾಯಿತು. ಮಂತ್ರಿ ಎದ್ದ, ಸೈನ್ಯದವರು ಎದ್ದರು, ಸಾವಿರ ಜನ ಎದ್ದರು. ಹೆಂಗಸರು ಕಣ್ಣು ಮುಚ್ಚಿ, ತಲೆ ಎತ್ತಿ, ಪ್ರಾಣ ಹೋಗುವ ಹಾಗೆ ಹಾಡಿದರು. ಬೊಂಗ್ನಿಮಳ ಮಾತು ಆ ಹಾಡಿನ ಕೆಳಗೆ ಹೂತುಹೋಯಿತು. ಅವಳು ಕೂಗುತ್ತಲೇ ಇದ್ದಳು. ಮುಂದಿನ ಸಾಲಿನವರಿಗೆ ಅವಳ ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು.

ಆಗ ಅವಳಿಗೆ ಬಲಗಡೆಯಿಂದ ಏನೋ ಕಡಿಮೆಯಾದಂತೆ ಅನ್ನಿಸಿತು. ತಿರುಗಿ ನೋಡಿದಳು. ಗಾಯನ ತಂಡದಲ್ಲಿ ಗಿರಣಿಯ ಹನ್ನೊಂದು ಜನ ಬಿಳಿ ಅಂಗಿ ತೊಟ್ಟು ನಿಂತಿದ್ದರು. ಪುಸ್ತಕ ತೆರೆದುಕೊಂಡಿದ್ದರು. ಸುನ್ದೊಕ್ ಬಾಯಿ ಮುಚ್ಚಿದ್ದಳು. ಅವಳ ಪಕ್ಕದವಳೂ ಮುಚ್ಚಿದ್ದಳು. ಅವಳ ಆಚೆಯವಳೂ. ಗಾಯನದ ಮುಖ್ಯಸ್ಥ ಕೋಲಿನಿಂದ ಮರದ ಕಟಕಟೆಗೆ ಬಡಿದು, "ಹಾಡ್ರೇ! ಹಾಡ್ರೇ!" ಅಂತ ಹಲ್ಲು ಕಚ್ಚಿದ. ಹನ್ನೊಂದು ಜನರ ಮುಖವೂ ಸುಣ್ಣದಂತೆ ಬಿಳಿಚಿತ್ತು. ಒಬ್ಬಳೂ ಬಾಯಿ ತೆರೆಯಲಿಲ್ಲ.

ಇಬ್ಬರು ಬಂದು ಬೊಂಗ್ನಿಮಳ ಕಂಕುಳಿಗೆ ಕೈ ಹಾಕಿ ಪಕ್ಕದ ಬಾಗಿಲಿನಿಂದ ಹೊರಗೆ ಎತ್ತಿಕೊಂಡು ಹೋದರು. ರೇಷ್ಮೆಯ ಪಟ್ಟಿ ಹರಿಯಿತು. ಕಾರಿನಲ್ಲಿ ಅವಳಿಗೆ ಉಚ್ಚೆ ಹೋಯಿತು. ಸೊಸೆಯ ಬಿಳಿ ರೇಷ್ಮೆ ತೊಯ್ದು ಕಾಲಿಗಂಟಿತು.

"ಏನು ಮಾಡ್ದೆ ಅಂತ ಗೊತ್ತಾಗ್ತಿದೆಯಾ ನಿಂಗೆ?" ಅಂದ ಕಂದು ಜಾಕೆಟ್ಟಿನವನು.

"ಗೊತ್ತಾಗ್ತಿದೆ," ಅಂದಳು. "ಹೆದರಿಕೆ ಆಗ್ತಿದೆ."

ಹತ್ತೊಂಬತ್ತು ದಿನ ಇಟ್ಟುಕೊಂಡರು. ಅಲ್ಲಿ ಏನಾಯಿತು ಅಂತ ಅವಳು ಯಾರಿಗೂ ಪೂರ್ತಿ ಹೇಳಲಿಲ್ಲ. ಕಾಣದ ದೊಡ್ಡಪ್ಪನ ಬಗ್ಗೆ ನೂರು ಸಲ ಕೇಳಿದರಂತೆ. ನಡುವೆ ಒಂದು ದಿನ ಕಿರುಚಿ ಕಿರುಚಿ ಅವರು ಹೇಳಿದ್ದಕ್ಕೆಲ್ಲ ಹೂಂ ಅಂದಳಂತೆ. ಮಾರನೆಯ ದಿನ ಮತ್ತೆ ಇಲ್ಲ ಅಂದಳಂತೆ. ಇಷ್ಟನ್ನು ಮಾತ್ರ ಹೇಳಿದಳು.

ಚರ್ಚುಗಳ ಪತ್ರ ಸರ್ಕಾರಕ್ಕೆ ಹೋಗಿಯೇ ಹೋಯಿತು. ಬೇರೆ ಗಿರಣಿಯ ಬೇರೊಬ್ಬ ಹುಡುಗಿಯ ಸಾಕ್ಷಿ ಸಿಕ್ಕಿತ್ತು. ಹಾಮ್ ಅಕ್ಕನ ಕೋಣೆಗೆ ಸರ್ಕಾರದ ಬೀಗ ಬಿತ್ತು. ಅವಳಿಗೆ ಮೂರು ವರ್ಷ ಜೈಲು, ಮಾಲ್ಸುಕಳಿಗೆ ಒಂದೂವರೆ. ಬೊಂಗ್ನಿಮಳ ಅಣ್ಣನ ಕೆಲಸ ಹೋಯಿತು. ಊರಿಗೆ ಬರಬೇಡ ಅಂತ ಅವನು ಒಂದೇ ಸಾಲಿನ ಕಾಗದ ಬರೆದ. ಅವಳ ಹೆಸರು ಎಲ್ಲ ಗಿರಣಿಗಳ ಗೇಟಿಗೂ ಹೋಗಿತ್ತು. ಒಂದು ಕಡೆ ಬೆಳಗ್ಗೆ ಸೇರಿಸಿಕೊಂಡು ಮಧ್ಯಾಹ್ನ ಊಟಕ್ಕೆ ಕೂತವಳನ್ನು ಎಬ್ಬಿಸಿ ಕಳಿಸಿದರು. ಕೊನೆಗೆ ಬಂದರಿನಲ್ಲಿ ಸಿಂಪಿ ಬಿಡಿಸುವ ಕೆಲಸ ಸಿಕ್ಕಿತು. ಚಿಪ್ಪಿನ ಅಂಚು ಬ್ಲೇಡಿನಂತೆ ಅಂಗೈ ಕೊಯ್ಯುತ್ತದೆ. ಗಾಯಕ್ಕೆ ಉಪ್ಪುನೀರು ಇಳಿಯುತ್ತದೆ.

ಟಾಕ್ ಹಿರಿಯರ ಗಿರಣಿಯ ಗೇಟಿನಲ್ಲಿ ಈಗ ಇಬ್ಬರು ಹೆಂಗಸರು ತಪಾಸಣೆ ಮಾಡುತ್ತಾರಂತೆ. ಅಷ್ಟು ಆಯಿತು. ತಪಾಸಣೆ ನಿಲ್ಲಲಿಲ್ಲ.

ಬಿಟ್ಟು ಕಳಿಸಿದ ಮೇಲಿನ ಎರಡನೇ ಭಾನುವಾರ ಅವಳು ಮುಖ ತೊಳೆದು, ಇದ್ದದ್ದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಗುಡ್ಡ ಹತ್ತಿದಳು. ಎರಡು ಸಲ ಅರ್ಧದಿಂದ ವಾಪಸು ಇಳಿದಳು. ಮೂರನೇ ಸಲ ಬಾಗಿಲವರೆಗೆ ಹೋದಳು. ಡೀಕನ್ ಗಿಲ್ ಅಲ್ಲೇ ಇದ್ದ.

"ಯಾಕ್ ಬಂದೆ?"

"ಆರಾಧನೆಗೆ."

"ನಿನಗಿಲ್ಲಿ ಜಾಗ ಇಲ್ಲ. ನಡಿ."

"ನನ್ನ ಹೆಸರು ಚರ್ಚಿನ ಪುಸ್ತಕದಲ್ಲಿದೆ," ಅಂದಳು. ಧ್ವನಿ ಕೀರಲಾಯಿತು. "ಇಲ್ಲೇ ನೀರು ಹಾಕಿದ್ದು ನಂಗೆ. ಹೆಸರು ಹೊಡೆದು ಹಾಕೋದಾದ್ರೆ ಅಯ್ಯನವರೇ ಬಂದು ಹೊಡೆದು ಹಾಕ್ಲಿ."

ಹಿಂದೆ ಜನ ನಿಂತು ನೋಡುತ್ತಿದ್ದರು. ಕೆಲವರು ಗಿಲ್‌ನ ಕೈಯನ್ನೇ ನೋಡುತ್ತಿದ್ದರು. ಅವನು ಆ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡ. ಅವಳು ಅವನ ಪಕ್ಕದಿಂದ ನುಸುಳಿ ಒಳಗೆ ಹೋದಳು. ನಡುವಿನ ಒಂದು ಬೆಂಚಿನಲ್ಲಿ ಕೂತಳು. ಆ ಬೆಂಚಿನಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದರು. ಮುಂದಿನ ಬೆಂಚು ಖಾಲಿಯಾಯಿತು, ಹಿಂದಿನದೂ ಖಾಲಿಯಾಯಿತು. ತುಂಬಿದ ಚರ್ಚಿನ ನಡುವೆ ಅವಳೊಬ್ಬಳು ಕೂತಿದ್ದಳು. ಎಲ್ಲಿ ನೋಡಬೇಕೋ ತಿಳಿಯದೆ ತನ್ನ ಕುಯ್ದ ಅಂಗೈ ನೋಡಿಕೊಂಡಳು. ಎದ್ದು ಓಡಿಬಿಡಬೇಕು ಅನ್ನಿಸಿತು.

ಪಾದ್ರಿ ಮಿನ್ ಪೀಠಕ್ಕೆ ಬಂದರು. ಅವಳನ್ನು ಕಂಡರು. ತೆರೆದ ಪುಸ್ತಕವನ್ನು ಮುಚ್ಚಿದರು, ಮತ್ತೆ ತೆರೆದರು, ಪುಟ ಸಿಗಲಿಲ್ಲ.

ಗಾಯನ ತಂಡದ ಸಾಲಿನಲ್ಲಿ ಸದ್ದಾಯಿತು. ಸುನ್ದೊಕ್ ಬಿಳಿ ಅಂಗಿ ತೊಟ್ಟಂತೆಯೇ ಮೆಟ್ಟಿಲಿಳಿದು ಬಂದಳು. ಸಾವಿರ ಕಣ್ಣು ಅವಳ ಜೊತೆಗೇ ನಡೆದವು. ಬಂದು ಬೊಂಗ್ನಿಮಳ ಪಕ್ಕದಲ್ಲಿ ಕೂತಳು.

ಬೆಂಚು ಗಡಗಡ ನಡುಗುತ್ತಿತ್ತು. ಯಾರ ನಡುಕವೋ ಇಬ್ಬರಿಗೂ ತಿಳಿಯಲಿಲ್ಲ. ಇಬ್ಬರೂ ಏಳಲಿಲ್ಲ.